ಬರ್ತೀನಿ ಎಂದರೆ ಯಾವಾಗ

ನಮ್ಮ ಗ್ಯಾರೇಜಿನ ಬಾಗಿಲು ಮೇಲೇಳುವಾಗ ಒಂದು ಸದ್ದು ಮಾಡುತ್ತದೆ. ಪ್ಲಿಮತ್‌ಗೆ ಬಂದಾಗಿನಿಂದ ಅದೇ ಸದ್ದು. ನನಗೆ ಅದರಲ್ಲಿ ಯಾವ ವಿಶೇಷವೂ ಕಂಡಿರಲಿಲ್ಲ. ನಮ್ಮ ಬೇಸ್‌ಮೆಂಟಿನ ಕೋಣೆಯಲ್ಲಿದ್ದ ಹುಡುಗಿ ಮಾತ್ರ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದವಳು, ಆ ಸದ್ದು ಕೇಳಿ ತಲೆಯನ್ನೂ ಎತ್ತದೆ, "ಆಂಟಿ, ಅಂಕಲ್‌ಗೆ ಇವತ್ತು ಆಫೀಸಲ್ಲಿ ಯಾರೋ ಬೈದಿದ್ದಾರೆ. ಈಗ್ಲೇ ಮಾತಾಡಿಸ್ಬೇಡ. ಫಸ್ಟ್ ಕಾಫಿ ಕೊಡು" ಎನ್ನುತ್ತಿದ್ದಳು.

ಬಾಗಿಲು ಎದ್ದ ಮೇಲೆ ಕಾರು ಒಳಗೆ ಬರಲು ಎಷ್ಟು ತಡವಾಯಿತು, ಕಾರಿನ ಡೋರು ಹೇಗೆ ಬಡಿಯಿತು, ಬೀಗದ ಕೈ ಗೂಟಕ್ಕೆ ಬಿತ್ತೋ ಮೇಜಿನ ಮೇಲೆ ಬಿತ್ತೋ, ಇಷ್ಟರಲ್ಲಿ ಅವಳಿಗೆ ತಿಳಿಯುತ್ತಿತ್ತು. ತಪ್ಪಾಗುತ್ತಿದ್ದುದು ಅಪರೂಪ. ಇವಳೊಬ್ಬಳು ಮನೆಯಲ್ಲಿದ್ದರೆ ಹವಾಮಾನದ ವರದಿ ಬೇರೆ ನೋಡಬೇಕಾಗಿಲ್ಲ ಎಂದು ನಮ್ಮವರು ನಗುತ್ತಿದ್ದರು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದೆ. ಚಿಕ್ಕವಳಿದ್ದಾಗ ಕಲಿತೆ, ಕಲಿಯದಿದ್ದರೆ ಕಷ್ಟವಾಗುತ್ತಿತ್ತು ಎಂದಳು. ಹುರುಳಿಕಾಯಿಯ ನಾರು ತೆಗೆಯುವುದನ್ನು ಮುಂದುವರಿಸಿದಳು.

ಅವಳು ಹೋದ ಮೇಲೆ ಇದು ಮೊದಲನೆಯ ಚಳಿಗಾಲ. ಗ್ಯಾರೇಜಿನ ಸದ್ದಾದರೆ ನಾನು ಈಗಲೂ ಒಮ್ಮೆ ಆ ಸ್ಟೂಲಿನ ಕಡೆ ನೋಡುತ್ತೇನೆ. ಇವತ್ತು ಹೇಗಿದ್ದಾರೆ ಎಂದು ಹೇಳುವವರಿಲ್ಲ. ಅಂದಾಜಿನಲ್ಲೇ ಕಾಫಿ ಕೊಡುತ್ತೇನೆ.

ಅವಳು ನಮ್ಮ ಮನೆಗೆ ಬಂದದ್ದು ಬೇಸ್‌ಮೆಂಟಿನ ಕೋಣೆಗೆ. ಮಗ ಓದಲು ಬೇರೆ ರಾಜ್ಯಕ್ಕೆ ಹೋಗಿದ್ದ. ಕೋಣೆ ಖಾಲಿ ಇತ್ತು. ಪಕ್ಕದ ಊರು ಕ್ಯಾಂಟನ್ನಿನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಇಡುವ ಜಾಗದ ಪಕ್ಕ ಒಂದು ಹಲಗೆ ಇದೆ. ಕೋಣೆ ಖಾಲಿ ಇದೆ ಎಂಬ ಚೀಟಿಯನ್ನು ನಮ್ಮವರು ಅಲ್ಲಿ ಅಂಟಿಸಿದ್ದರು. ಎಲ್ಲ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ 'ಕನ್ನಡದವರಾದರೆ ಸಂತೋಷ' ಎಂದು ಸೇರಿಸಿದ್ದರು. ಮರುದಿನವೇ ಫೋನು ಬಂತು. ಧ್ವನಿ ದೊಡ್ಡ ಹುಡುಗಿಯದು, ಮಾತು ಮಾತ್ರ ಮಗುವಿನದು. "ಆಂಟಿ, ನಂಗೆ ಓದಕ್ಕೆ ಬರಲ್ಲ. ಆದ್ರೆ ಕೆಳಗಡೆ ಇರೋದು ನಮ್ಮ ಅಮ್ಮನ ಕ್ಯಾಲೆಂಡರಲ್ಲಿ ಇತ್ತಲ್ಲ, ಆ ಅಕ್ಷರ. ಅದಕ್ಕೇ ಫೋನ್ ಮಾಡ್ದೆ."

ಬಂದ ದಿನ ಎರಡು ಚೀಲ, ಒಂದು ದಿಂಬು ತಂದಿದ್ದಳು. ವಯಸ್ಸು ಹತ್ತೊಂಬತ್ತು. ಹತ್ತಿರದ ಕಾಲೇಜಿಗೆ ಸೇರಿದ್ದಳು. ಊಟಕ್ಕೆ ಕರೆದಾಗ ಮೆಟ್ಟಿಲ ಮೇಲೆ ನಿಂತು, "ಮಮ್ಮು ಏನು ಇವತ್ತು?" ಎಂದು ಕೇಳಿದಳು. ನಾನು ತಮಾಷೆ ಎಂದುಕೊಂಡೆ. ರಾತ್ರಿ "ತಾಚಿ ಮಾಡ್ತೀನಿ ಆಂಟಿ" ಎಂದು ಕೆಳಗೆ ಇಳಿದಾಗ ತಮಾಷೆಯಲ್ಲ ಎಂದು ತಿಳಿಯಿತು. ಮಲಗುವುದಕ್ಕೆ ಅವಳಿಗೆ ಬೇರೆ ಮಾತು ಗೊತ್ತಿರಲಿಲ್ಲ.

ಸ್ವಲ್ಪ ಸ್ವಲ್ಪವಾಗಿ, ಬೇರೆ ಏನೋ ಮಾತಿನ ನಡುವೆ ಹೇಳಿದ್ದನ್ನು ಜೋಡಿಸಿಕೊಂಡಾಗ ಸಂಗತಿ ಇಷ್ಟು. ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಹುಟ್ಟಿದವಳು. ತಂದೆ ಮೈಸೂರಿನ ಕಡೆಯವರು. ಮನೆಯಲ್ಲಿ ಕನ್ನಡವೇ. ಅವಳಿಗೆ ಏಳು ವರ್ಷವಾಗಿದ್ದಾಗ ತಂದೆ ಒಂದು ಬೆಳಿಗ್ಗೆ ಹೋದವರು ತಿರುಗಿ ಬರಲಿಲ್ಲ. ತಾಯಿಗೆ ಅದಕ್ಕೂ ಮೊದಲೇ ಮನಸ್ಸಿನ ಕಾಯಿಲೆ ಇತ್ತು, ಆಮೇಲೆ ಹೆಚ್ಚಾಯಿತು. ಹಾಸಿಗೆಯಿಂದ ಏಳುತ್ತಿರಲಿಲ್ಲ. ಈ ಮಗುವೇ ಕುರ್ಚಿ ಹಾಕಿಕೊಂಡು ಹತ್ತಿ ಅನ್ನ ಮಾಡುತ್ತಿತ್ತು. ಸ್ಕೂಲಿನವರಿಗೆ ಗೊತ್ತಾಗಿ, ತಾಯಿ ಆಸ್ಪತ್ರೆಗೆ, ಮಗು ಸರ್ಕಾರ ಗೊತ್ತುಮಾಡಿದ ಬೇರೆಯವರ ಮನೆಗೆ. ಒಂದು ಮನೆಯಲ್ಲ, ಹಲವು ಮನೆ. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ತಾಯಿ ಗುಣವಾಗಲೇ ಇಲ್ಲ. ಇವಳು ಹೈಸ್ಕೂಲಿನಲ್ಲಿರುವಾಗ ತೀರಿಕೊಂಡರು. ಹೀಗೆ ಅವಳ ಇಂಗ್ಲಿಷು ಬೆಳೆಯಿತು, ಲೆಕ್ಕ ವಿಜ್ಞಾನ ಎಲ್ಲ ಬೆಳೆಯಿತು. ಕನ್ನಡ ಮಾತ್ರ ತಾಯಿ ಆಡಿಸುತ್ತಿದ್ದ ಮಾತಿನಲ್ಲೇ ನಿಂತುಬಿಟ್ಟಿತ್ತು.

ಸ್ನೇಹಿತರ ಮನೆಗಳಲ್ಲಿ ನಗುತ್ತಿದ್ದರು. ಅವರ ಮಕ್ಕಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು, ಅವರೂ ನಗುತ್ತಿದ್ದರು. ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುತ್ತಿದ್ದಳು. ಮಗು ಅಪ್ಪ ಅಮ್ಮನನ್ನು ಹಾಗೆ ತಾನೆ ಮಾತಾಡಿಸುವುದು? "ಅಂಕಲ್, ನೀನು ಶೇವ್ ಮಾಡ್ಕೊಂಡಿಲ್ಲ" ಎಂದರೆ ನಮ್ಮವರು ಎದ್ದು ಹೋಗಿ ಶೇವ್ ಮಾಡಿಕೊಂಡು ಬರುತ್ತಿದ್ದರು. ನಾನು ಹೇಳಿದ್ದನ್ನು ಅವರು ಹಾಗೆ ಒಂದು ದಿನವೂ ಕೇಳಿದವರಲ್ಲ. ಮುಂದೆ 'ನೀವು' ಕಲಿತಳು, ಹೊರಗಿನವರಿಗೆ ಬಳಸಿದಳು. ನಮಗೆ ಕೊನೆಯವರೆಗೂ 'ನೀನು'.

ಅವಳು ಬಂದು ಒಂದು ತಿಂಗಳಾಗಿತ್ತು, ವರಮಹಾಲಕ್ಷ್ಮಿ ಹಬ್ಬ ಬಂತು. ಸಂಜೆ ಹೆಂಗಸರು ಕುಂಕುಮಕ್ಕೆ ಬಂದರು. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ಹೊರಡುವವರಿಗೆ ತಾಂಬೂಲದ ಚೀಲ ಕೊಡುವ ಕೆಲಸ ಒಪ್ಪಿಸಿದ್ದೆ. ಎಲ್ಲರೂ ಹೋದ ಮೇಲೆ ನಾನು ಉಳಿದ ಪುಳಿಯೋಗರೆ, ಕೋಸಂಬರಿಯನ್ನು ಡಬ್ಬಿಗೆ ತುಂಬಲು ಹೊರಟೆ. ಅವಳು ತಡೆದಳು. "ಇರ್ಲಿ ಆಂಟಿ, ಈಗ್ಲೇ ಎತ್ತಿಡ್ಬೇಡ. ಅವ್ರೆಲ್ಲ ಬರ್ತೀನಿ ಅಂದಿದ್ದಾರೆ."

ಹೊರಗಿನ ದೀಪ ಹಾಕೇ ಇಟ್ಟಿದ್ದಳು. ಬರುವವರ ಕಾರಿಗೆ ಜಾಗವಾಗಲಿ ಎಂದು ತನ್ನ ಹಳೇ ಕಾರನ್ನು ರಸ್ತೆಗೆ ತೆಗೆದು ನಿಲ್ಲಿಸಿದ್ದಳು. ನನಗೆ ನಗು ಬಂತು. ನಕ್ಕೇ ಹೇಳಿದೆ. "ಅಯ್ಯೋ ಪುಟ್ಟ, ಅವರು ಬರಲ್ಲ. ಹೊರಡೋವಾಗ ಹೋಗ್ತೀನಿ ಅನ್ನಬಾರದು, ಅದಕ್ಕೆ ಬರ್ತೀನಿ ಅಂತಾರೆ. ಬೈ ಅಂತೀರಲ್ಲ ನೀವು, ಅಷ್ಟೇ ಅದು."

ಅವಳು ನಗಲಿಲ್ಲ. ಕೈಯಲ್ಲಿ ಒಂದು ತಾಂಬೂಲದ ಚೀಲ ಉಳಿದಿತ್ತು. ಅದನ್ನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಳು. "ಹಂಗಂದ್ರೆ ನಮ್ಮಪ್ಪ ಬೈ ಹೇಳಿದ್ದಾ?" ಎಂದಳು.

ಆ ಬೆಳಿಗ್ಗೆ ತಂದೆ ಬಾಗಿಲಲ್ಲಿ ನಿಂತು, "ಬರ್ತೀನಿ ಪುಟ್ಟಿ" ಎಂದು ಹೇಳಿ ಹೋಗಿದ್ದರಂತೆ. ದಿನಾ ಹಾಗೆ ಹೇಳಿ ಹೋಗುತ್ತಿದ್ದರು, ದಿನಾ ಸಂಜೆ ಬರುತ್ತಿದ್ದರು. ಮನೆಗೆ ಬೇರೆ ಯಾರೂ ಬಂದು ಹೋಗುವವರು ಇರಲಿಲ್ಲ. ಆ ಮಾತಿಗೆ ಇನ್ನೊಂದು ಅರ್ಥ ಇದೆಯೆಂದು ಮಗುವಿಗೆ ಹೇಗೆ ತಿಳಿಯಬೇಕು? ಶೂ ಹಾಕಿಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದಳಂತೆ. ಬೇರೆಯವರ ಮನೆಗೆ ಹೋದ ಮೇಲೂ, ಅಪ್ಪ ಬಂದರೆ ಈ ವಿಳಾಸ ಹೇಗೆ ಗೊತ್ತಾಗುತ್ತದೆ ಎಂದು ಅಲ್ಲಿಯವರನ್ನು ಕೇಳುತ್ತಿದ್ದಳಂತೆ.

ಮರುದಿನ ಬೆಳಿಗ್ಗೆ ನಾನು ದೋಸೆ ಹಾಕುತ್ತಿದ್ದಾಗ ಮೇಲೆ ಬಂದಳು. ಮುಖ ಊದಿಕೊಂಡಿತ್ತು. "ಆಂಟಿ, ಹಂಗಾದ್ರೆ ಅವನು ಸುಳ್ಳು ಹೇಳ್ಲಿಲ್ಲ ಅಲ್ವಾ? ನಾನೇ ತಪ್ಪು ಕೇಳಿಸ್ಕೊಂಡೆ."

ಹೆಚ್ಚು ಓದಿದವರಾದರೆ ಏನು ಹೇಳುತ್ತಿದ್ದರೋ. ನಾನು ಪಿಯುಸಿಗೆ ನಿಲ್ಲಿಸಿದವಳು. ತೋಚಿದ್ದನ್ನು ಹೇಳಿದೆ. "ನೀನು ಸರಿಯಾಗೇ ಕೇಳಿಸ್ಕೊಂಡೆ ಪುಟ್ಟ. ಬರ್ತೀನಿ ಅಂದ್ರೆ ಬರ್ತೀನಿ ಅಂತಲೇ. ಹೇಳಿದವರು ಬರ್ಬೇಕಿತ್ತು."

ಕಾವಲಿಯ ಮೇಲೆ ದೋಸೆ ಸೀದುಹೋಯಿತು. ಅದನ್ನೇ ಹಾಕಿಸಿಕೊಂಡು ತಿಂದಳು.

ಅಂದಿನಿಂದ ಅವಳು ಹೊರಡುವಾಗ 'ಬರ್ತೀನಿ' ಎಂದು ಸುಮ್ಮನೆ ಹೇಳುವುದನ್ನು ಬಿಟ್ಟಳು. ಒಂದೋ 'ಹೋಗ್ತೀನಿ' ಎನ್ನುತ್ತಿದ್ದಳು, ಇಲ್ಲವೇ ಹೊತ್ತು ಸೇರಿಸುತ್ತಿದ್ದಳು. 'ಆರಕ್ಕೆ ಬರ್ತೀನಿ.' ಆರು ಎಂದರೆ ಆರು. ಬೇರೆಯವರು 'ಬರ್ತೀನಿ' ಎಂದರೆ, "ಯಾವಾಗ?" ಎಂದು ಕೇಳುತ್ತಿದ್ದಳು. ಕೊಂಕಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳುವುದಕ್ಕೆ. ಇದರಿಂದ ಆದ ಫಜೀತಿ ಒಂದೆರಡಲ್ಲ. ನಮ್ಮ ಬಡಾವಣೆಯಲ್ಲೇ ಗದಗಿನ ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಅವರ ಮನೆಯಿಂದ ಹೊರಡುವಾಗ ಇವಳು "ಹೋಗ್ತೀನಿ ಅಜ್ಜಿ" ಎಂದಳು.

"ಹೋಗ್ತೀನಿ ಅನಬಾರ್ದವಾ. ಬರ್ತೀನಿ ಅನಬೇಕು."

"ಯಾವಾಗ ಬರ್ತೀನಿ ಅಂತ ಗೊತ್ತಿಲ್ಲ ಅಜ್ಜಿ."

ಆ ಅಜ್ಜಿ ಬಿಡುವವರಲ್ಲ. ಮುಂದೆ ಒಂದು ದಿನ ನಮ್ಮ ಮನೆಗೆ ಬಂದವರು ಹೊರಡುವಾಗ "ಬರ್ತೀನವಾ" ಎಂದರು. ಇವಳು ಎಂದಿನಂತೆ ಯಾವಾಗ ಎಂದಳು. ಅವರು ಸೊಂಟದ ಮೇಲೆ ಕೈಯಿಟ್ಟು, "ಬರೋ ಐತಾರ ನಾಕಕ್ಕ" ಎಂದರು. ಆ ಭಾನುವಾರ ಬೆಳಿಗ್ಗೆಯಿಂದ ಹಿಮ. ನಾವು ಮರೆತೇ ಬಿಟ್ಟಿದ್ದೆವು. ನಾಲ್ಕಕ್ಕೆ ಬೆಲ್ ಆಯಿತು. ಮೊಳಕಾಲವರೆಗೆ ಹಿಮ ಮೆತ್ತಿಕೊಂಡು, ಮಗನ ಬೂಟು ಹಾಕಿಕೊಂಡು ಅಜ್ಜಿ ನಿಂತಿದ್ದರು. "ಬಂದೀನಿ ನೋಡವಾ ಮಾಸ್ತರಬಾಯಿ. ಹಾಜರಿ ಹಾಕ್ಕೋ." ಇವಳು ಅವರನ್ನು ಅಪ್ಪಿಕೊಂಡು ಅತ್ತಳು. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ. ಹಿಮದಲ್ಲಿ ನಡೆದು ಬಂದದ್ದಕ್ಕೆ ಅಳುತ್ತಿದ್ದಾಳೆ ಎಂದು ತಿಳಿದು, ತನಗೇನೂ ಆಗಿಲ್ಲವೆಂದು ಸಮಾಧಾನ ಮಾಡಿದರು.

ಅವಳ ಕತೆ ಗೊತ್ತಾದವರು ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದರು. ಅವಳಿಗೆ ಆ ಮಾತು ಹಿಡಿಸುತ್ತಿರಲಿಲ್ಲ. ಒಂದು ಸಲ ಹೀಗೇ ಯಾರೋ ಹೊಗಳಿ ಹೋದ ಮೇಲೆ, ನಾನು ಮಾಡಿದ್ದ ಚಕ್ಕುಲಿಯೊಂದನ್ನು ಮುರಿಯಲು ನೋಡಿದಳು. ಅದು ಮುರಿಯಲಿಲ್ಲ. ಅದನ್ನು ನನ್ನ ಮುಂದೆ ಹಿಡಿದು, "ನೋಡು, ಗಟ್ಟಿ ಆದ್ರೆ ಏನ್ ಚೆನ್ನಾಗಿರತ್ತೆ?" ಎಂದಳು. ನನ್ನ ಚಕ್ಕುಲಿಯನ್ನು ಆಡಿಕೊಂಡಳೋ ಅವರ ಮಾತನ್ನೋ, ಎರಡೂ ಇರಬೇಕು.

ಓದು ಮುಗಿದ ಮೇಲೆ ಅದೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹಿಂದೆ ಮನೆಯವರು ಅಂತ ಯಾರೂ ಇಲ್ಲದೆ ಕಾಲೇಜಿಗೆ ಬಂದ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಬೇರೆಯವರ ಮನೆಗಳಲ್ಲಿ ಬೆಳೆದವರು, ತಂದೆಯೋ ತಾಯಿಯೋ ಜೈಲಿನಲ್ಲಿರುವವರು, ರಜ ಬಂದರೆ ಹಾಸ್ಟೆಲ್ ಮುಚ್ಚುತ್ತದಲ್ಲ, ಎಲ್ಲಿಗೆ ಹೋಗುವುದು ಎಂದು ತಿಳಿಯದವರು. ಅಷ್ಟರಲ್ಲಿ ನನಗೂ ಆ ಕಾಲೇಜಿನ ಊಟದ ಹಾಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಕೊಡಿಸಿದ್ದಳು. ಬೇರೆ ಮನೆ ಮಾಡಿಕೊಂಡಿದ್ದರೂ ಮಧ್ಯಾಹ್ನ ನನ್ನ ಡಬ್ಬಿಯಲ್ಲಿ ಅವಳಿಗೂ ಪಾಲು. ಅವಳ ಕೋಣೆಯ ಮುಂದೆ ಹಾದುಹೋಗುವಾಗ ನೋಡುತ್ತಿದ್ದೆ. ದೊಡ್ಡ ದೊಡ್ಡ ಪುಸ್ತಕಗಳಿದ್ದವು. ಅವಳು ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಕೊನೆಯಲ್ಲಿ ಹೇಳುವುದು ಮಾತ್ರ ಕೇಳಿಸುತ್ತಿತ್ತು. ಯಾವ ವಾರ, ಎಷ್ಟು ಹೊತ್ತಿಗೆ. ಅದಿಲ್ಲದೆ ಯಾರನ್ನೂ ಕಳಿಸುತ್ತಿರಲಿಲ್ಲ.

ಒಂದು ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಕಾಲೇಜಿಗೆ ರಜ ಎಂದು ಬೆಳಿಗ್ಗೆಯೇ ಎಲ್ಲರ ಫೋನಿಗೂ ಸಂದೇಶ ಬಂದಿತ್ತು. ಆದರೂ ಅವಳು ಡ್ರೈವ್ ಮಾಡಿಕೊಂಡು ಹೋಗಿ ಕೋಣೆಯ ಬೀಗ ತೆಗೆದು ಕೂತಿದ್ದಳು. ಒಬ್ಬ ವಿದ್ಯಾರ್ಥಿಗೆ ಒಂಬತ್ತು ಗಂಟೆ ಎಂದು ಹೇಳಿದ್ದಳಂತೆ. ಅವನು ಬರಲಿಲ್ಲ. ಸಂಜೆ ಫೋನಿನಲ್ಲಿ ನಾನು ಬೈದೆ. ರಸ್ತೆಯಲ್ಲಿ ಕಾರು ಜಾರಿದ್ದರೆ ಗತಿಯೇನು, ಅವನು ಬರುವುದಿಲ್ಲ ಎಂದು ನಿನಗೂ ಗೊತ್ತಿತ್ತಲ್ಲ ಎಂದೆ.

"ಬರ್ದಿದ್ರೆ ಪರವಾಗಿಲ್ಲ ಆಂಟಿ," ಎಂದಳು. "ಬಂದಿದ್ರೆ?"

ಅವಳಿಗೆ ಬಂದದ್ದು ರಕ್ತದ ಕಾಯಿಲೆ. ಗೊತ್ತಾದಾಗಲೇ ಬಹಳ ಮುಂದುವರಿದಿತ್ತು. ಹತ್ತಿರದ ಊರು ಆನ್ ಆರ್ಬರಿನ ಆಸ್ಪತ್ರೆಯಲ್ಲಿಟ್ಟರು. ನಾನು ಕೆಲಸ ಮುಗಿಸಿ ಹೋಗುತ್ತಿದ್ದೆ, ನಮ್ಮವರು ಆಫೀಸಿನಿಂದ ನೇರ ಬರುತ್ತಿದ್ದರು. ಕಾರಿಡಾರಿನಲ್ಲಿ ಅವರ ಹೆಜ್ಜೆಯ ಸದ್ದು ಕೇಳಿದರೆ ಕಣ್ಣು ಮುಚ್ಚಿಕೊಂಡೇ, "ಅಂಕಲ್ ಹೆದರ್ಕೊಂಡಿದ್ದಾನೆ. ಅವನಿಗೆ ಏನಾದ್ರೂ ತಿನ್ನಕ್ಕೆ ಕೊಡು" ಎನ್ನುತ್ತಿದ್ದಳು. ಹೊರಡುವಾಗ ನಾವು ಹೊತ್ತು ಹೇಳಿಯೇ ಹೊರಡುತ್ತಿದ್ದೆವು. ಹೇಳಿದ ಹೊತ್ತಿಗೆ ಹೋಗುತ್ತಿದ್ದೆವು. ನಾವು ಮಾಡಬಹುದಾಗಿದ್ದುದು ಅಷ್ಟೇ.

ಒಂದು ಮಂಗಳವಾರ ಸಂಜೆ ನನ್ನ ಕೈ ಹಿಡಿದು ಹತ್ತಿರ ಕರೆದಳು. ಧ್ವನಿ ಸಣ್ಣದಾಗಿತ್ತು. ಗುರುವಾರ ಹತ್ತು ಗಂಟೆಗೆ ತನ್ನ ಕೋಣೆಗೆ ಒಬ್ಬಳು ಬರುತ್ತಾಳೆ, ಕಾಯಿಲೆ ಬೀಳುವ ಮೊದಲೇ ಹೇಳಿದ್ದು, ಹೊಸ ಹುಡುಗಿ ಎಂದಳು. ಕಾಲೇಜಿನವರು ಎಲ್ಲರಿಗೂ ಈಮೇಲ್ ಕಳಿಸಿದ್ದಾರಲ್ಲ, ಅವಳಿಗೂ ಹೋಗಿರುತ್ತದೆ ಎಂದು ನಾನು ಹೇಳಿದೆ.

"ಓದಿದ್ರೂ ನಂಬಲ್ಲ ಆಂಟಿ ಅವಳು. ಬಂದು ನೋಡ್ತಾಳೆ. ಡೋರ್ ಲಾಕ್ ಆಗಿದ್ರೆ, ಗೊತ್ತಿತ್ತು ಅನ್ಕೊಂಡು ಹೊರಟೋಗ್ತಾಳೆ. ಆಮೇಲೆ ಕಾಲೇಜೂ ಬಿಟ್ಟುಬಿಡ್ತಾಳೆ. ನೀನು ಹೋಗ್ತೀಯಾ?"

"ನಾನು ಹೋಗಿ ಏನ್ ಮಾಡ್ಲಿ? ನಂಗೇನ್ ಬರತ್ತೆ?"

"ಏನೂ ಮಾಡ್ಬೇಡ. ಲೈಟ್ ಹಾಕ್ಕೊಂಡು ಒಳಗೆ ಕೂತಿರು."

ಹೂಂ ಎಂದೆ. ಬೆಳಿಗ್ಗೆ ಎಂಟಕ್ಕೆ ಬರ್ತೀನಿ ಎಂದು ಹೇಳಿ ಎದ್ದೆ. ಅವಳು ಕಣ್ಣಲ್ಲೇ ಸರಿ ಎಂದಳು.

ಬುಧವಾರ ಬೆಳಿಗ್ಗೆ ನಾವು ದಾರಿಯಲ್ಲಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ನಮ್ಮವರು ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ತಲೆ ಇಟ್ಟರು. ನಡೀರಿ, ಎಂಟಕ್ಕೆ ಅಂದಿದ್ದೀವಿ ಎಂದೆ. ಎಂಟಕ್ಕೆ ನಾವು ಅವಳ ಹಾಸಿಗೆಯ ಪಕ್ಕದಲ್ಲಿದ್ದೆವು. ಮುಖ ತೊಳೆದು ಮಲಗಿಸಿದ್ದರು. ಬಹಳ ಚಿಕ್ಕವಳಾಗಿ ಕಂಡಳು.

ಸಂಸ್ಕಾರ ಶುಕ್ರವಾರಕ್ಕೆ ಗೊತ್ತಾಯಿತು. ಗುರುವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕುತ್ತಿದ್ದೆ. ಇವತ್ತೂ ಹೋಗಬೇಕೇ ಎಂದು ನಮ್ಮವರು ಕೇಳಿದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವರೇ ಹೋಗಿ ಕಾರಿನ ಗಾಜಿನ ಮೇಲಿನ ಮಂಜು ಕೆರೆದು ಬಂದರು.

ಅವಳ ಜೊತೆ ಕೆಲಸ ಮಾಡುವವರು ಕೋಣೆಯ ಬೀಗ ತೆಗೆದುಕೊಟ್ಟರು. ದೀಪ ಹಾಕಿದೆ. ಅವಳ ಕುರ್ಚಿಯಲ್ಲಿ ಕೂರಲು ಮನಸ್ಸು ಬರಲಿಲ್ಲ, ಬಂದವರು ಕೂರುವ ಕುರ್ಚಿಯಲ್ಲಿ ಕೂತೆ. ಹತ್ತಾಯಿತು. ಇನ್ನೂ ಹೊತ್ತಾಯಿತು. ಆಮೇಲೆ ಬಾಗಿಲ ಆಚೆ ಯಾರೋ ಬಂದು ನಿಂತಂತೆ ಅನ್ನಿಸಿತು. ಎದ್ದು ನೋಡಿದೆ. ಎತ್ತರದ ಹುಡುಗಿ, ಜಾಕೆಟ್ಟಿನ ಹುಡ್ ತಲೆಗೆ ಎಳೆದುಕೊಂಡಿದ್ದಳು. ದೀಪವನ್ನು ನೋಡುತ್ತಿದ್ದಳು, ನನ್ನನ್ನಲ್ಲ.

ನನ್ನ ಇಂಗ್ಲಿಷು ಅಡುಗೆಮನೆಗೆ ಸಾಕಾಗುವಷ್ಟು. ನಿನ್ನೆ ತೀರಿಹೋದಳು ಎಂದು ಹೇಳಿದೆ. ಈ ಹೊತ್ತಿಗೆ ನೀನು ಬರುತ್ತೀ ಎಂದು ಹೇಳಿ ನನ್ನನ್ನು ಕಳಿಸಿದ್ದಾಳೆ, ಅದಕ್ಕೆ ಬಂದೆ ಎಂದೆ. ಹುಡುಗಿ ಅಳಲಿಲ್ಲ. ತಾನು ಬರುತ್ತೇನೆಂದು ಅವರು ನೆನಪಿಟ್ಟುಕೊಂಡಿದ್ದರೇ ಎಂದು ಮಾತ್ರ ಕೇಳಿದಳು. ಹೌದು ಎಂದೆ. ಬಂದು ಕೂತಳು. ನಾನು ಡಬ್ಬಿ ತೆಗೆದೆ. ಇದೇನು ಹಳದಿ ಎಂದು ಕೇಳಿದಳು. ಅರ್ಧ ತಿಂದಳು. ಖಾರಕ್ಕೆ ಮೂಗು ಒರೆಸಿಕೊಂಡಳು, ಖಾರಕ್ಕೇ ಇರಬೇಕು. ಕಡಲೆಕಾಯಿ ಬೀಜವನ್ನೆಲ್ಲ ಹೆಕ್ಕಿ ಒಂದು ಕಡೆ ಇಟ್ಟು ಕೊನೆಯಲ್ಲಿ ತಿಂದಳು. ನಮ್ಮ ಹುಡುಗಿಯೂ ಹಾಗೆಯೇ ತಿನ್ನುತ್ತಿದ್ದಳು.

ಹೊರಡುವಾಗ ಹುಡ್ ಎಳೆದುಕೊಂಡು, "ಓಕೆ. ಸೀ ಯೂ" ಎಂದಳು.

ಅದು ಈ ದೇಶದವರ 'ಬರ್ತೀನಿ'. ಇಷ್ಟು ವರ್ಷದಿಂದ ದಿನಾ ಕೇಳಿದ್ದೇನೆ, ಹೇಳಿದ್ದೇನೆ. ಆದರೂ ಬಾಯಿಗೆ ಬಂದದ್ದು ಒಂದೇ ಮಾತು.

"ವೆನ್?"

ಹುಡುಗಿ ತಿರುಗಿ ನಿಂತಳು. ಹಾಗೆ ಯಾರೂ ಅವಳನ್ನು ಕೇಳಿರಲಿಲ್ಲವೇನೋ. ಯೋಚನೆ ಮಾಡಿ, ಮಂಗಳವಾರ ಹನ್ನೊಂದಕ್ಕೆ ಎಂದಳು. ಈ ಕೋಣೆ ಇರುತ್ತದೋ ಇಲ್ಲವೋ, ಊಟದ ಹಾಲಿಗೆ ಬಾ, ಅಡುಗೆಮನೆಯ ಬಾಗಿಲ ಪಕ್ಕದ ಮೇಜಿನಲ್ಲಿ ಇರುತ್ತೇನೆ ಎಂದೆ.

ಮಂಗಳವಾರ ಅವಳು ಬರಲಿಲ್ಲ. ನನ್ನ ಬಿಡುವು ಮುಗಿಯುವವರೆಗೂ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಸಂಜೆ ನಮ್ಮವರು ಬಂದಳಾ ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನ ಡಬ್ಬಿಯನ್ನು ಸಿಂಕಿಗೆ ಇಟ್ಟು, ಮುಂದಿನ ಮಂಗಳವಾರ ಏನು ಮಾಡಿಕೊಂಡು ಹೋಗ್ತೀಯ ಎಂದು ಕೇಳಿದರು.

ಮುಂದಿನ ಮಂಗಳವಾರ ಪುಳಿಯೋಗರೆ ಒಯ್ದಿದ್ದೆ. ಹನ್ನೊಂದು ದಾಟಿತ್ತು. ಊಟದ ಹಾಲಿನ ಗಾಜಿನ ಬಾಗಿಲ ಆಚೆ ಹುಡ್ ಹಾಕಿಕೊಂಡ ತಲೆಯೊಂದು ಕಂಡಿತು. ಒಳಗೆ ಬರಲಿಲ್ಲ. ಗಾಜಿಗೆ ಕೈ ಅಡ್ಡ ಹಿಡಿದು, ನಾನು ಇದ್ದೇನೆಯೇ ಎಂದು ನೋಡಿತು.

ಇದ್ದೆ.